ಅಯ್ಯನೋರ ದನಿ, ಆಯಿಯ ಐಸ್‌ಕ್ರೀಮು

ಮೊದಲೇ ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ, ಮೇ ತಿಂಗಳ ಒಂದು ಮಧ್ಯಾಹ್ನ, ನನ್ನ ಅಜ್ಜಿ ಹದಿನೈದು ವರ್ಷ ಕಾಪಾಡಿಕೊಂಡು ಬಂದಿದ್ದ ಹರಕೆಯನ್ನು ನಾನು ಮುರಿಸಿದೆ. ಕಾಡಿಸಿ ಮುರಿಸಲಿಲ್ಲ, ಕೈ ಹಿಡಿದು ಬಲವಂತ ಮಾಡಿ ಮುರಿಸಲಿಲ್ಲ. ದೇವರನ್ನು ಬಿಟ್ಟರೆ ಅವಳು ಯಾರ ಮಾತನ್ನು ನಂಬುತ್ತಾಳೋ ಅವರ ದನಿಯನ್ನು ಕದ್ದು, ಫೋನಿನಲ್ಲಿ ಅವರಾಗಿ ಮಾತಾಡಿ ಮುರಿಸಿದೆ. ಅದೂ ಎಂಥ ಘನಕಾರ್ಯಕ್ಕೆ? ಒಂದು ಗ್ಲಾಸು ಐಸ್‌ಕ್ರೀಮು ತಿನ್ನಿಸುವುದಕ್ಕೆ.

ನಗಬೇಡಿ. ಅಥವಾ ನಗಿ, ನಾನೂ ನಕ್ಕಿದ್ದೆ. ತಪ್ಪಿನ ದೊಡ್ಡ ಪಾಲು ಅಲ್ಲೇ ಇದೆ.

ನಾನು ಸಿದ್ಧಾರಾಮ. ಅಕ್ಕಲಕೋಟೆಯಲ್ಲಿ ಸಿದ್ದ್ಯಾ ಅಂದರೆ ಗೊತ್ತಾಗುತ್ತದೆ. ಗೊತ್ತಾದ ಕೂಡಲೇ ಜನ ಮಾತು ಕಡಿಮೆ ಮಾಡುತ್ತಾರೆ. ಯಾಕೆಂದರೆ ಐದು ನಿಮಿಷ ನನ್ನೆದುರು ಮಾತಾಡಿದವರಿಗೆ ಆರನೆಯ ನಿಮಿಷಕ್ಕೆ ಅವರದೇ ದನಿಯನ್ನು ವಾಪಸು ಕೊಡುವ ಚಟ ನನಗಿದೆ. ಸೋಲಾಪುರ ಬಸ್ಸಿನ ಕಂಡಕ್ಟರ್ ಮೂಗಿನಿಂದಲೇ ಹೊರಡಿಸುವ "ಪುಢೇ ಸರಕಾ, ಪುಢೇ ಸರಕಾ" — ಮುಂದೆ ಸರಿಯಿರಿ — ನನ್ನ ಹಳೆಯ ಐಟಂ. ಸರ್ಕಾರಿ ಕಚೇರಿಯ ಗುಮಾಸ್ತರಾದ ನಮ್ಮಪ್ಪ, ಸಾಹೇಬರ ಫೋನು ಬಂದರೆ ಮನೆಯಲ್ಲಿದ್ದರೂ ಎದ್ದು ನಿಂತು, ಲುಂಗಿ ಸರಿಮಾಡಿಕೊಂಡು "ಹೋಯ್ ಸಾಹೇಬ, ಹೋಯ್ ಸಾಹೇಬ" ಅನ್ನುವುದು ಅದಕ್ಕಿಂತ ಹಳೆಯದು. ನನ್ನನ್ನೂ ನಾನು ಬಿಟ್ಟಿಲ್ಲ. "ಮುಂದ ಏನ್ ಮಾಡಾವ ಇದ್ದಿ ತಮ್ಮಾ?" ಎಂದು ಯಾರಾದರೂ ಹಿರಿಯರು ಕೇಳಿದಾಗ ನನ್ನ ಗಂಟಲಿನಿಂದ ಬರುವ ಒಂದು ಬಡ ಕೆಮ್ಮು ಇದೆಯಲ್ಲ, ಅದನ್ನು ಮಾಡಿ ತೋರಿಸಿದರೆ ಗೆಳೆಯರು ಹೊಟ್ಟೆ ಹಿಡಿದುಕೊಳ್ಳುತ್ತಾರೆ.

ಆದರೆ ನನ್ನ ಕಿರೀಟದ ಹರಳು ಅಂದರೆ ಅಯ್ಯನೋರ ದನಿ. ನಮ್ಮ ಮನೆತನದ ಪೂಜೆ-ಪುನಸ್ಕಾರ ನೋಡುವ ಹಿರಿಯರು ಅವರು; ಇರುವುದು ಮಂಗಳವೇಢೆ ಕಡೆಯ ಒಂದು ಹಳ್ಳಿಯಲ್ಲಿ. ಮಾತಿಗೆ ಮೊದಲು ಎರಡು ಸಲ ಕೆಮ್ಮುತ್ತಾರೆ, ಚಳಿಗಾಲದಲ್ಲಿ ಜೀಪು ಚಾಲೂ ಆದ ಹಾಗೆ. ಆಮೇಲೆ ಉದ್ದನೆಯ "ಹಾಂ..." ಆಮೇಲೆ "ಶಿವಾ ಶಿವಾ". ಅಷ್ಟರಲ್ಲಿ ಎದುರಿಗಿದ್ದವರ ಕೈ ತಾನಾಗಿ ಮುಗಿದಿರುತ್ತದೆ. ಖಾಲಿ ಸ್ಟೀಲಿನ ಗ್ಲಾಸನ್ನು ಬಾಯಿಗೆ ಹಿಡಿದು ಮಾತಾಡಿದರೆ ಅವರ ಎದೆಯ ಗುಂಯ್‌ಗುಟ್ಟುವಿಕೆ ಕೂಡ ಬರುತ್ತದೆ ಎಂಬುದು ನಾನೇ ಕಂಡುಹಿಡಿದ ವಿದ್ಯೆ. ಎಷ್ಟು ಹೆಮ್ಮೆ ಪಟ್ಟಿದ್ದೆ ಅದಕ್ಕೆ!

ಇನ್ನು ಆ ದಿನದ ವಿಷಯ. ಸೋಲಾಪುರದಲ್ಲಿರುವ ನನ್ನ ಅಕ್ಕ ಪ್ರತಿ ಬೇಸಿಗೆ ಸೂಟಿಗೆ ಇಬ್ಬರು ಮಕ್ಕಳನ್ನು ನಮ್ಮಲ್ಲಿ ತಂದು ಬಿಡುತ್ತಾಳೆ. ಆ ವರ್ಷ ಶ್ರೇಯಾಳಿಗೆ ಒಂಬತ್ತು, ಓಂಕಾರನಿಗೆ ಆರು. ಶ್ರೇಯಾಳ ಚೀಲದಲ್ಲಿ ಶಾಲೆಯವರು ಕೊಟ್ಟ ಒಂದು ಕಾಗದವಿತ್ತು — ಮನೆಯ ಹಿರಿಯರೊಡನೆ ಸೇರಿ ಒಂದು ತಿನಿಸು ಮಾಡಬೇಕು, ಎಲ್ಲರೂ ಕೂಡಿ ತಿನ್ನಬೇಕು, ವಿಡಿಯೋ ಕಳಿಸಬೇಕು.

"ಐಸ್‌ಕ್ರೀಮ್ ಸಂಡೇ ಮಾಡೋಣು ಮಾಮಾ," ಅಂದಳು. ಮೊಬೈಲಿನಲ್ಲಿ ಚಿತ್ರ ತೋರಿಸಿದಳು. ಉದ್ದನೆಯ ಗಾಜಿನ ಲೋಟ, ಅದರಲ್ಲಿ ಐಸ್‌ಕ್ರೀಮಿನ ಗುಡ್ಡ, ಗುಡ್ಡದ ಮೇಲಿಂದ ಇಳಿಯುವ ಪಾಕ, ಹಣ್ಣು, ಬೀಜ, ತುದಿಗೆ ಒಂದು ಕೆಂಪು ಚೆರ್ರಿ.

ನಾನು ಅಂಗಡಿಯಿಂದ ಡಬ್ಬಿ ತರಲು ಹೊರಟಿದ್ದೆ. ಆಯಿ ತಡೆದಳು. ಅಜ್ಜಿಗೆ ನಮ್ಮ ಮನೆಯಲ್ಲಿ ದೊಡ್ಡವರು ಚಿಕ್ಕವರು ಎಲ್ಲರೂ ಆಯಿ ಎಂದೇ ಅನ್ನುತ್ತೇವೆ.

"ಮನ್ಯಾಗ ಪಾಟ್ ಇದ್ದು, ಡಬ್ಬಿ ತರ್ತಾನಂತ ನೋಡು ಶಾಣ್ಯಾ! ಅಟ್ಟದ ಮ್ಯಾಲಿಂದ ಇಳಸು."

ಇಳಿಸಿದೆ. ಮರದ ಬಕೀಟು, ಒಳಗೊಂದು ತಗಡಿನ ಡಬ್ಬಿ, ಮೇಲೆ ತಿರುವುವ ಹಿಡಿಕೆ. ಜೇಡರ ಬಲೆ ತೆಗೆದರೆ ಇಡೀ ಪಾಟು ಹೊಸದರ ಹಾಗಿತ್ತು. ಮರುದಿನ ಹೋಗಿ ಐಸು ತಂದೆ. ಆಯಿ ಸೆರಗು ಸಿಕ್ಕಿಸಿಕೊಂಡು ಪಡಸಾಲೆಯ ನಡುವೆ ಕುಳಿತಳು ನೋಡಿ — ಎಪ್ಪತ್ತೆರಡರ ಮುದುಕಿ ಹೋಗಿ ಅಲ್ಲೊಬ್ಬಳು ಸೇನಾಪತಿ ಬಂದು ಕುಳಿತಿದ್ದಳು. ಐಸನ್ನು ಗೋಣಿಚೀಲದಲ್ಲಿ ಹಾಕಿ ಒನಕೆಯಿಂದ ಕುಟ್ಟಿಸಿದಳು. ಹಾಲು ಹಿಂದಿನ ದಿನವೇ ಅರ್ಧಕ್ಕೆ ಇಳಿಯುವಂತೆ ಕಾಯಿಸಿ ಆರಿಸಿಟ್ಟಿದ್ದಳು. ಡಬ್ಬಿಯ ಸುತ್ತ ಒಂದು ಪದರು ಐಸು, ಒಂದು ಹಿಡಿ ಹರಳುಪ್ಪು, ಮತ್ತೆ ಐಸು.

"ಉಪ್ಪು ಹಾಕು. ಹಾಕು, ಹಾಕು... ಏನ್ ಪಲ್ಯಾಕ್ಕ ಹಾಕಾಕತ್ತೀಯೇನು? ಕೈ ಬಿಟ್ಟು ಹಾಕು. ಉಪ್ಪು ಇಲ್ದ ಐಸ್ ಅಂದ್ರ ಬರೇ ನೀರು."

ಹಿಡಿಕೆ ತಿರುವಲು ಪಾಳಿ ಹಚ್ಚಿದೆವು. ಓಂಕಾರ ಹತ್ತು ಸುತ್ತು, ಶ್ರೇಯಾ ಇಪ್ಪತ್ತು, ನಾನು ನೂರು. ನಾನು ಕಂಡಕ್ಟರ್ ದನಿಯಲ್ಲಿ ಪ್ರತಿ ಹತ್ತಕ್ಕೆ ಒಂದು ಊರು ಕೂಗಿದೆ. "ವಳಸಂಗ, ವಳಸಂಗ! ಉತರಾ, ಇಳೀರಿ!" ಮಕ್ಕಳು ನಕ್ಕು ನಕ್ಕು ಹಿಡಿಕೆ ಬಿಡುತ್ತಿದ್ದರು. ಆಯಿ ಬೈಯುತ್ತಿದ್ದಳು. ಹಿಡಿಕೆ ಬಿಗಿಯಾಗುತ್ತ ಆಗುತ್ತ, ಕೊನೆಗೆ ನನ್ನ ರಟ್ಟೆಗೂ ಅಲ್ಲಾಡದೆ ನಿಂತಾಗ ಅವಳು ಕೈ ಎತ್ತಿದಳು. "ಆತು. ಸೋಲಾಪುರ ಬಂತು."

ಮುಚ್ಚಳ ತೆಗೆದೆವು. ಒಳಗೆ ಬೆಳ್ಳಗೆ, ದಟ್ಟಗೆ, ಅಂಚಿನಲ್ಲಿ ಹರಳುಗಟ್ಟಿ — ನಾವೇ ಮಾಡಿದ ಐಸ್‌ಕ್ರೀಮು! ಶ್ರೇಯಾ ಕಿರುಚಿದ ರಭಸಕ್ಕೆ ಪಕ್ಕದ ಮನೆಯವರು ಇಣುಕಿದರು. ಆಯಿಯ ಮುಖದಲ್ಲಿ ನಾನು ಅಂಥ ಬೆಳಕನ್ನು ಅದಕ್ಕೂ ಮೊದಲು ಕಂಡಿರಲಿಲ್ಲ. ಅವಳು ಚಮಚದಿಂದ ಒಂದಿಷ್ಟು ತೆಗೆದು, ಮೂಗಿನ ಹತ್ತಿರ ಹಿಡಿದು, ವಾಸನೆ ನೋಡಿ, ವಾಪಸು ಡಬ್ಬಿಗೆ ಹಾಕಿದಳು. ಅದನ್ನು ನಾನು ಗಮನಿಸಿದೆ. ಏನೂ ಅನ್ನಿಸಲಿಲ್ಲ.

ಆಮೇಲೆ ಲೋಟ ತುಂಬುವ ಸಡಗರ. ಚಾಕಲೇಟು ಪಾಕದ ಬದಲಿಗೆ ಮಂದ್ರೂಪ ಊರಿನಿಂದ ಬಂದಿದ್ದ ಜೋನಿ ಬೆಲ್ಲ. ಬಿಸ್ಕೀಟಿನ ಬದಲಿಗೆ ಪುಡಿ ಮಾಡಿದ ಶೇಂಗಾ ಹೋಳಿಗೆ. ಮಾವಿನ ಹೋಳು, ಒಣದ್ರಾಕ್ಷಿ. ಚೆರ್ರಿ ಮಾತ್ರ ಬೇಕರಿಯದು. ನಿಯಮ ಶ್ರೇಯಾ ಮಾಡಿದ್ದು — ಯಾರೂ ತಮ್ಮ ಲೋಟ ತಾವು ತುಂಬುವಂತಿಲ್ಲ, ಇನ್ನೊಬ್ಬರದು ತುಂಬಬೇಕು, ಅವರಿಗೆ ಏನು ಸೇರುತ್ತದೋ ಅದನ್ನೇ ಹಾಕಬೇಕು. ಓಂಕಾರನ ಪಾಲಿಗೆ ಆಯಿ ಬಂದಳು. ಆ ಪೋರ ಅಡುಗೆಮನೆಗೆ ಓಡಿ ಒಂದು ಡಬ್ಬಿ ಹಿಡಿದು ಬಂದ. ನಾವು ನೋಡುವಷ್ಟರಲ್ಲಿ ಐಸ್‌ಕ್ರೀಮಿನ ಮೇಲೆ ಎರಡು ಚಮಚ ಕೆಂಪಗೆ ಉದುರಿಸಿಯಾಗಿತ್ತು. ಶೇಂಗಾ ಚಟ್ನಿ! ಬೆಳ್ಳುಳ್ಳಿ, ಖಾರ ಎಲ್ಲ ಹಾಕಿ ಕುಟ್ಟಿದ್ದು.

"ಅಲೋ ಹುಚ್ಚಾ, ಏನ್ ಮಾಡ್ದಿ?" ಅಂದೆ.

"ಆಯಿಗಿ ಚಟ್ನಿ ಸೇರತದಲ್ಲ ಮಾಮಾ. ದಿನಾ ಜ್ವಾಳದ ಭಕ್ರಿ ಜೋಡಿ ತಿಂತಾಳ," ಅಂದ, ನಾನೇ ಹುಚ್ಚ ಅನ್ನುವ ಹಾಗೆ.

ಎರಡೂ ಕೈಯಲ್ಲಿ ಲೋಟ ಹಿಡಿದು ಅವನು ಆಯಿಯ ಮುಂದೆ ಹೋಗಿ ನಿಂತ. ಶ್ರೇಯಾ ಮೊಬೈಲು ಹಿಡಿದಳು. ಆಯಿ ಅವನ ಗಲ್ಲ ಸವರಿದಳು, ಲೋಟವನ್ನು ಮುಟ್ಟಲಿಲ್ಲ.

"ನಾ ಒಲ್ಲೆ ಕಂದಾ. ನಾ ಇದನ್ನ ಬಿಟ್ಟೀನಿ."

"ಯಾಕ?"

"ಬೇಡ್ಕೊಂಡೀನಿ. ಅದನ್ನ ಹೇಳಬಾರದು."

"ಮತ್ತ ಯಾವಾಗ ತಿಂತಿ?"

"ಅಯ್ಯನೋರ ಮುಂದ ಕುಂತು ಬೇಡ್ಕೊಂಡದ್ದು. ಅವರು ಸಾಕು ಅಂದ್ರ ಸಾಕು. ಇಲ್ಲಂದ್ರ ಇಲ್ಲ."

ಓಂಕಾರ ಅಳಲಿಲ್ಲ. ಅತ್ತಿದ್ದರೆ ಸಂಭಾಳಿಸಬಹುದಿತ್ತು. ಲೋಟ ಹಿಡಿದುಕೊಂಡು ಹಾಗೇ ನಿಂತ. ಐಸ್‌ಕ್ರೀಮು ಕರಗಿ ಅವನ ಮೊಣಕೈವರೆಗೆ ಇಳಿಯುತ್ತಿತ್ತು. "ಕೇಳ್ರಿ ಮತ್ತ ಅವ್ರನ್ನ. ಈಗ ಕೇಳ್ರಿ," ಅಂದ.

ನಾನು ಕೇಳಲು ಹೋದದ್ದು ಖರೇ. ನಮ್ಮ ಮನೆಯಲ್ಲಿ ಆಯಿಗೆ ಫೋನು ಹಚ್ಚಿಕೊಡುವ ಕೆಲಸ ನನ್ನದೇ. ಅವಳಿಗೆ ಅಂಕಿಗಳು ಕಾಣುವುದಿಲ್ಲ, ದನಿಯಿಂದಲೇ ಜನರನ್ನು ಗುರುತಿಸುತ್ತಾಳೆ. ಅಯ್ಯನೋರ ನಂಬರು ಹಚ್ಚಿದೆ. ಸಂಪರ್ಕ ಸಿಗುತ್ತಿಲ್ಲ ಎಂದು ಮರಾಠಿಯಲ್ಲಿ ಆ ಯಂತ್ರದ ಹೆಂಗಸು ಹೇಳಿದಳು. ಮತ್ತೆ ಹಚ್ಚಿದೆ. ಮತ್ತೆ ಅವಳೇ. ಇಲ್ಲಿಗೆ ಬಿಟ್ಟಿದ್ದರೆ — ನಾಳೆ ಕೇಳೋಣ ಅಂದಿದ್ದರೆ... ಅನ್ನಲಿಲ್ಲ.

"ಪೂಜಾದಾಗ ಕುಂತಾರಂತ ಆಯಿ. ಹತ್ತು ಮಿನಿಟಿಗೆ ಅವರೇ ಹಚ್ಚತಾರಂತ," ಅಂದೆ. ಇದು ಮೊದಲನೆಯ ಸುಳ್ಳು. ಎಷ್ಟು ಸಲೀಸಾಗಿ ಬಂತು!

ಖಾಲಿ ಗ್ಲಾಸು ತೆಗೆದುಕೊಂಡು ಮಾಳಿಗೆಯ ಮೆಟ್ಟಿಲು ಹತ್ತಿದೆ. ಮೆಟ್ಟಿಲ ತಿರುವಿನಲ್ಲಿ ಒಂದು ಸಣ್ಣ ಕಿಂಡಿಯಿದೆ. ಅಲ್ಲಿಂದ ಇಡೀ ಪಡಸಾಲೆ ಕಾಣುತ್ತದೆ. ನನ್ನ ಮೊಬೈಲಿನಿಂದ ಹಚ್ಚಿದೆ; ಕೆಳಗೆ ಆಯಿಯ ಗುಂಡಿಯ ಫೋನು ರಿಂಗಾಯಿತು. ನಾನು ಎರಡು ಸಲ ಕೆಮ್ಮಿದೆ.

"ಹಾಂ... ಗಂಗಾಬಾಯೀ..."

ಕಿಂಡಿಯಿಂದ ನೋಡುತ್ತಿದ್ದೆ. ಕುಳಿತಿದ್ದವಳು ಎದ್ದು ನಿಂತಳು. ಕೆಟ್ಟ ಮೊಣಕಾಲಿನವಳು, ಗೋಡೆ ಹಿಡಿದುಕೊಂಡು ಎದ್ದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಶರಣ್ರಿ ಅಯ್ಯನೋರ."

"ಶಿವಾ ಶಿವಾ... ಹುಡುಗ ಫೋನ್ ಹಚ್ಚಿದ್ನಂತ. ಏನದ ಹೇಳವ್ವಾ."

"ನಾ ಬೇಡ್ಕೊಂಡದ್ದರ ಸಲುವಾಗಿ ರೀ. ಕೂಸು ಐಸ್‌ಕ್ರೀಮ್ ಹಿಡ್ಕೊಂಡು ನಿಂತದ. ನಾ ಏನ್ ಮಾಡಲಿ?"

"ಎಷ್ಟು ವರ್ಷ ಆತು?"

"ಹದಿನೈದು ತುಂಬಿದ್ವರಿ."

"ಸಾಕವ್ವಾ. ಹರಕಿ ಮುಗೀತು. ಕೂಸಿನ ಕೈಯಿಂದ ಬಂದದ್ದು ಪ್ರಸಾದ. ತಿನ್ನು."

ಅವಳು ಸೆರಗನ್ನು ಮತ್ತೆ ಸರಿಮಾಡಿಕೊಂಡಳು. ಆಮೇಲೆ, ಬಹಳ ಸಣ್ಣ ದನಿಯಲ್ಲಿ — "ಹುಡುಗಗ ಏನೂ ಆಗಂಗಿಲ್ಲ, ಹೌದಲ್ರಿ?"

ಯಾವ ಹುಡುಗ? ನನಗೆ ಗೊತ್ತಿರಲಿಲ್ಲ. ಓಂಕಾರ ಇರಬೇಕು ಅಂದುಕೊಂಡೆ. ಗೊತ್ತಿಲ್ಲದವನು ಬಾಯಿ ಮುಚ್ಚಬೇಕು. ನಾನು ಗ್ಲಾಸನ್ನು ಇನ್ನಷ್ಟು ಹತ್ತಿರ ಹಿಡಿದು, ಎದೆಯಿಂದ ಗುಂಯ್‌ಗುಟ್ಟಿಸಿ ಹೇಳಿದೆ:

"ಏನೂ ಆಗಂಗಿಲ್ಲ. ನನ್ನ ಮಾತು."

ಆಗ ಆಯಿ ಫೋನನ್ನು ಕಿವಿಯಿಂದ ತೆಗೆದು, ಎರಡೂ ಅಂಗೈಯ ನಡುವೆ ಹಿಡಿದು, ಬಗ್ಗಿ, ಅದಕ್ಕೆ ಹಣೆ ಹಚ್ಚಿದಳು.

ಕಿಂಡಿಯ ಹಿಂದೆ ನಾನು ನಕ್ಕೆ. ಬಾಯಿಗೆ ಅಂಗಿ ತುರುಕಿಕೊಂಡು ನಕ್ಕೆ. ಎಂಥ ಕಲಾವಿದ ನಾನು, ನನ್ನ ದನಿಗೆ ನಮ್ಮಜ್ಜಿ ಎದ್ದು ನಿಂತು ಹಣೆ ಹಚ್ಚುತ್ತಾಳೆ! ಮದುವೆ ಮಂಟಪಗಳಲ್ಲಿ ನನ್ನ ಮಿಮಿಕ್ರಿಗೆ ನೂರು ಜನ ಹೊಡೆದ ಚಪ್ಪಾಳೆಗಿಂತ ಅದು ದೊಡ್ಡದೆನ್ನಿಸಿತು. ಹಾಗೆ ಅನ್ನಿಸಿತು, ಅದನ್ನು ಮುಚ್ಚಿಡುವುದಿಲ್ಲ.

ಕೆಳಗಿಳಿದು ಬಂದಾಗ ಪಡಸಾಲೆಯಲ್ಲಿ ಹಬ್ಬ. ಆಯಿ ಲೋಟ ತೆಗೆದುಕೊಂಡಿದ್ದಳು. ಮೊದಲ ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಐಸ್‌ಕ್ರೀಮು, ಬೆಲ್ಲ, ಅದರ ಮೇಲೆ ಬೆಳ್ಳುಳ್ಳಿಯ ಖಾರ — ನಾವೆಲ್ಲ ಉಸಿರು ಹಿಡಿದು ನಿಂತಿದ್ದೆವು. ಕಣ್ಣು ತೆರೆದಳು.

"ಭಾಳ ಚಲೋ ಆಗ್ಯದೋ ಓಂಕಾರಾ! ಇನ್ನೊಂದ್ ಚೂರು ಚಟ್ನಿ ಹಾಕು!"

ಓಂಕಾರ ಕುಣಿದ. ಶ್ರೇಯಾಳೂ ಮೊಬೈಲು ಹಿಡಿದೇ ಕುಣಿದಳು; ವಿಡಿಯೋದಲ್ಲಿ ಅರ್ಧ ಛಾವಣಿಯೇ ಬಂತು. ಚಟ್ನಿ ಹಾಕಿದ ಐಸ್‌ಕ್ರೀಮನ್ನು ನಾನೂ ತಿಂದೆ. ನಂಬಿ, ಅದು ಖರೇ ಚಲೋ ಇತ್ತು. ಎಪ್ಪತ್ತೆರಡರ ಆಯಿ ಎರಡು ಲೋಟ ಮುಗಿಸಿ, ಡಬ್ಬಿಯ ತಳವನ್ನೂ ಬೆರಳಿನಿಂದ ಬಳಿದು, ಮೂಗಿನ ತುದಿಗೆ ಬೆಲ್ಲ ಹಚ್ಚಿಕೊಂಡು ನಕ್ಕ ಆ ನಗು — ಅದನ್ನು ನೋಡಿದ್ದರೆ ನೀವೂ ನನ್ನ ಬೆನ್ನು ತಟ್ಟುತ್ತಿದ್ದಿರಿ. ನಾನೂ ನನ್ನ ಬೆನ್ನು ತಟ್ಟಿಕೊಂಡೆ. ಸಂಜೆಯವರೆಗೆ.

ಸಂಜೆ ಬಾಗಿಲ ಮುಂದಿನ ಕಟ್ಟೆಯ ಮೇಲೆ ನಾವಿಬ್ಬರೇ ಕುಳಿತಿದ್ದೆವು. ಹರಕೆ ಮುಗಿಯಿತಲ್ಲ, ಇನ್ನು ಹೇಳಬಹುದು ಅಂತ ಅವಳೇ ಶುರು ಮಾಡಿದಳು.

"ನಿನಗ ಐದು ತುಂಬಾಕ ಬಂದ್ರೂ ಬಾಯಾಗ ಒಂದ್ ಮಾತಿಲ್ಲ. ಡಾಕ್ಟರು ಕಿವಿ ಬರಾಬರ ಅದ ಅಂದ್ರು, ನಾಲಗಿ ಬರಾಬರ ಅದ ಅಂದ್ರು. ಎಲ್ಲಾ ಬರಾಬರ ಇದ್ರ ಮಾತು ಎಲ್ಲಿ ಹೋಗ್ಯದ ಮತ್ತ? ನಿಮ್ಮವ್ವ ಅತ್ತು ಅತ್ತು ಸಣ್ಣಾದ್ಲು. ನಾ ಅಯ್ಯನೋರ ಮುಂದ ಕುಂತೆ. ಇವನ ಬಾಯಿಗಿ ಮಾತು ಬರ್ಲಿ, ನನ್ನ ಬಾಯಿಗಿ ಸೇರೋದು ನಾ ಬಿಡ್ತೀನಿ ಅಂದೆ. ನನಗ ಐಸ್‌ಕ್ರೀಮ್ ಬಿಟ್ರ ಬ್ಯಾರೆ ಏನ್ ಸೇರತಿತ್ತೋ? ಆ ಪಾಟ್ ನಾನೇ ಆಸೆ ಪಟ್ಟು ತರಿಸಿದ್ದು."

ನಾನು ತಡವಾಗಿ ಮಾತು ಕ‌ಲಿತವನು ಎಂಬುದು ನಮ್ಮ ಮನೆಯ ಹಳೆಯ ಜೋಕು. ಆಗಿನ ಬಾಕಿ ಈಗ ತೀರಿಸುತ್ತಿದ್ದಾನೆ ಎಂದು ಅಪ್ಪ ಅನ್ನುತ್ತಿರುತ್ತಾರೆ. ಅದರ ಹಿಂದೆ ಹೀಗೊಂದು ಇದೆ ಅಂತ ಯಾರೂ ಹೇಳಿರಲಿಲ್ಲ. ಹೇಳಬಾರದಿತ್ತಲ್ಲ.

"ಎಂಟು ದಿನಕ್ಕ ಓಣ್ಯಾಗ ಐಸ್ ಗಾಡಿಯವ ಬಂದ. 'ಗಾರೇಗಾರ್! ಗಾರೇಗಾರ್!' ಅಂತ ಒದರಾಕತ್ತಿದ್ದ. ನೀ ಬಾಗಲಾಗ ನಿಂತಿದ್ದಿ. ಒಮ್ಮಿಂದೊಮ್ಮೆಲೆ, ಅವನಂಗ, ಅವಂದ ದನ್ಯಾಗ, 'ಗಾರೇಗಾರ್!' ಅಂದಿ. ಇನ್ನೊಬ್ಬ ಗಾಡಿಯವ ಬಂದಾನೇನು ಅಂತ ಅವ ಹೊಳ್ಳಿ ನೋಡಿದ! ನಿನಗ ಒಂದು ಕೊಡಿಸಿದೆ. ನಾ ತಗೋಲಿಲ್ಲ."

ಹೀಗೆ ಹೇಳಿ ಆಯಿ ನನ್ನ ತಲೆ ಸವರಿದಳು. ನನಗೆ ಮಧ್ಯಾಹ್ನದ ಪ್ರಶ್ನೆ ನೆನಪಾಯಿತು — ಹುಡುಗಗ ಏನೂ ಆಗಂಗಿಲ್ಲ, ಹೌದಲ್ರಿ? ಆ ಹುಡುಗ ನಾನು. ಯಾವ ಬಾಯಿಗಾಗಿ ಅವಳು ಹದಿನೈದು ಬೇಸಿಗೆ ಬಾಯಿ ಕಟ್ಟಿದ್ದಳೋ, ಅದೇ ಬಾಯಿ ಅವಳಿಗೆ ಮೋಸ ಮಾಡಿತ್ತು. ಆ ಕಟ್ಟೆಯ ಮೇಲೇ ಹೇಳಬೇಕಿತ್ತು. "ಆಯಿ, ಅದು ನಾನು" — ಮೂರು ಮಾತು. ಊರೆಲ್ಲರ ದನಿ ತೆಗೆಯುವವನಿಗೆ ಆ ಮೂರು ಮಾತಿಗೆ ದನಿ ಸಿಗಲಿಲ್ಲ. ಹೇಳಿದರೆ ಹರಕೆ ತಪ್ಪಿತೆಂದು ಅವಳು ಹೆದರಿ ಸಾಯುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಖರೇ ಮಾತೆಂದರೆ, ಹೆದರಿದ್ದು ನಾನು.

ಆಮೇಲೆ ಸುಳ್ಳಿಗೆ ದಿನವೂ ನೀರು ಹಾಕಬೇಕಾಯಿತು. "ಅಯ್ಯನೋರಿಗೆ ಒಂದು ಫೋನ್ ಹಚ್ಚು, ಶರಣು ಹೇಳತೀನಿ" ಎಂದು ಅವಳು ಅಂದಾಗಲೆಲ್ಲ "ರೇಂಜ್ ಇಲ್ಲ ಆಯಿ", "ಸ್ನಾನಕ್ಕ ಹೋಗ್ಯಾರಂತ ಆಯಿ". ಮೊಣಕಾಲು ನೋವಿನಿಂದ ಅಯ್ಯನೋರು ಊರು ಬಿಟ್ಟು ಬರುವುದನ್ನೂ ನಿಲ್ಲಿಸಿದ್ದರು; ಅದೂ ನನಗೆ ಅನುಕೂಲವೇ ಆಯಿತು. ಪ್ರತಿ ಮೇ ತಿಂಗಳು ಪಾಟು ಇಳಿಯಿತು. ಓಂಕಾರನ ಚಟ್ನಿ ಐಸ್‌ಕ್ರೀಮು ಓಣಿಯ ಮಕ್ಕಳಲ್ಲೆಲ್ಲ ಹೆಸರಾಯಿತು. ಆಯಿ ತಿಂದಳು, ನಕ್ಕಳು. ನಾನು ಹಿಡಿಕೆ ತಿರುವಿದೆ.

ಈ ವರ್ಷ ಮೇಲಿನ ಕೋಣೆ ಕಟ್ಟಿಸಿದೆವು. ಅದರ ಪೂಜೆಗೆ ಅಯ್ಯನೋರೇ ಬಂದರು, ಮೂರು ವರ್ಷದ ನಂತರ, ಮಗನ ಕಾರಿನಲ್ಲಿ. ಒಳಗೆ ಬರುವ ಮೊದಲೇ ಆ ಮಗ ನಮ್ಮಪ್ಪನನ್ನು ಬದಿಗೆ ಕರೆದು ಹೇಳಿದ್ದ — ಅಪ್ಪಾಜಿಗೆ ಈಗೀಗ ಮರೆವು ಅನ್ನಿಸುತ್ತದೆ, ಇನ್ನು ಮೇಲೆ ಪೂಜೆಗಳಿಗೆ ಕಳಿಸುವುದು ಬೇಡ ಅಂತ ವಿಚಾರ, ಇದೇ ಕೊನೆಯದು. ಪೂಜೆಯಲ್ಲಿ ಮಾತ್ರ ಮುದುಕರು ಒಂದು ಮಂತ್ರ ತಪ್ಪಲಿಲ್ಲ.

ಪೂಜೆ ಮುಗಿದು ಎಲ್ಲರೂ ಪಡಸಾಲೆಯಲ್ಲಿ ಕುಳಿತಾಗ, ಸೂಟಿಗೆ ಬಂದಿದ್ದ ಮಕ್ಕಳು ಐಸ್‌ಕ್ರೀಮಿನ ಲೋಟ ತಂದರು. ಆಯಿ ತನ್ನ ಲೋಟ ಹಿಡಿದುಕೊಂಡು ಅಯ್ಯನೋರ ಕಡೆ ತಿರುಗಿದಳು.

"ನೀವು ಆವತ್ತು ಫೋನಿನ್ಯಾಗ ಸಾಕು ಅಂದ್ರಿ, ಅಲ್ಲಿಂದ ತಿನ್ನಾಕತ್ತೀನ್ರಿ. ನಿಮಗ ಶರಣು ಹೇಳೋದು ಇವತ್ತು ಕೂಡಿ ಬಂತು."

"ನಾನಾ?" ಅಂದರು ಅಯ್ಯನೋರು. "ಯಾವಾಗವ್ವಾ? ಏನಂದೆ?"

"ಹರಕಿ ಮುಗೀತು ಅಂದ್ರೆಲ್ರಿ. ಸಿದ್ದೂಗ ಏನೂ ಆಗಂಗಿಲ್ಲ ಅಂತ ಮಾತು ಕೊಟ್ರಿ."

ಮಗ ನಮ್ಮಪ್ಪನ ಕಡೆ ನೋಡಿದ. ನಾ ಹೇಳಿರಲಿಲ್ಲವೇ ಅನ್ನುವ ನೋಟ. ಆ ನೋಟ ಅಯ್ಯನೋರಿಗೂ ಕಂಡಿತು. ಅವರು ತಮ್ಮ ಅಂಗೈಗಳನ್ನು ತಾವೇ ನೋಡಿಕೊಳ್ಳುತ್ತ, ಕೆಮ್ಮದೆ, "ಶಿವಾ ಶಿವಾ" ಅನ್ನದೆ, ನಾನು ಎಂದೂ ಕೇಳಿರದ ಒಂದು ದನಿಯಲ್ಲಿ ಹೇಳಿದರು:

"ಹೇಳಿರಬೇಕವ್ವಾ... ಅಷ್ಟು ದೊಡ್ಡ ಮಾತು... ನನಗ ನೆಪ್ಪಿಲ್ಲ ನೋಡು. ನನ್ನ ಮಗ ಅನ್ನೋದು ಖರೇ ಇರಬೇಕು."

ನನ್ನ ಸುಳ್ಳು ತನ್ನ ಕಾಲ ಮೇಲೆ ತಾನು ನಡೆದು ಬಂದು ಆ ಮುದುಕರ ನೆನಪಿನ ಮೇಲೆ ಕುಳಿತಿತ್ತು. ಅವರು ತಮ್ಮ ತಲೆಯನ್ನೇ ನಂಬುವುದನ್ನು ಬಿಡುತ್ತಿದ್ದರು, ನನ್ನೆದುರು, ನನ್ನಿಂದ.

"ಅಯ್ಯನೋರ," ಅಂದೆ. ದನಿ ತೆಳ್ಳಗೆ ಬಂತು, ನನ್ನ ಸ್ವಂತದ್ದು. "ನಿಮ್ಮ ನೆಪ್ಪು ಬರಾಬರ ಅದರಿ. ನೀವು ಫೋನ್ ಮಾಡೇ ಇಲ್ಲ. ಅದು ನಾ. ನಿಮ್ಮ ದನಿ ತಗದು ನಾ ಮಾತಾಡಿದ್ದು."

ನಮ್ಮಪ್ಪನ ಕೈ ಹೊಡೆಯಲು ಮೇಲೆದ್ದದ್ದು ಕಂಡಿತು. ಆದರೆ ಅದಕ್ಕಿಂತ ಮೊದಲು ಅಯ್ಯನೋರು ತೊಡೆ ತಟ್ಟಿದರು.

"ಕೇಳಿದ್ಯೇನಪಾ?" ಮಗನ ಕಡೆ ತಿರುಗಿ ಗುಡುಗಿದರು. "ಹೇಳೇ ಇಲ್ಲ ನಾ! ಹೇಳಲಾರದ್ದು ನೆಪ್ಪಿರತದೇನು? ಮರವಂತ, ಮರವು! ನಿಮ್ಮ ಮುತ್ತಜ್ಜನ ಹೆಸರಿಂದ ಹಿಡದು ಹೇಳಲೇನು ನಿನಗ?" ಎಪ್ಪತ್ತೆಂಟರ ಮುದುಕರು ಗೆದ್ದ ಪೈಲವಾನನ ಹಾಗೆ ಸುತ್ತಲೂ ನೋಡಿದರು. ಆಮೇಲೆ ನನಗೆ ಬೆರಳು ತೋರಿಸಿದರು. "ತಗಿ."

"ಏನ್ರಿ?"

"ನನ್ನ ದನಿ. ತಗಿ ನೋಡೂಣು."

"ಒಲ್ಲೆರಿ ಅಯ್ಯನೋರ..."

"ಏ, ತಗೀಲೇ!"

ತೆಗೆದೆ. ಎರಡು ಕೆಮ್ಮು, ಒಂದು "ಹಾಂ...", ಒಂದು "ಶಿವಾ ಶಿವಾ". ಮಗ ಬೆಚ್ಚಿ ತನ್ನಪ್ಪನ ಮುಖ ನೋಡಿದ. ಮಕ್ಕಳು ಬಿದ್ದು ಹೊರಳಾಡಿದರು.

"ನಾ ಇಷ್ಟು ಕೆಮ್ಮತೀನೇನು?"

"ಇದಕ್ಕಿಂತ ಜಾಸ್ತಿ ಅಪ್ಪಾಜಿ," ಅಂದ ಮಗ. ಅವನಿಗೂ ನಗು ತಡೆಯಲಿಲ್ಲ. ನಮ್ಮಪ್ಪ ಎತ್ತಿದ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನಗದೆ ಇದ್ದವಳು ಆಯಿ ಒಬ್ಬಳೇ. ನಗು ಪೂರ್ತಿ ನಿಲ್ಲುವವರೆಗೂ ಕಾದಳು.

"ಆವತ್ತು ನಾ ಎದ್ದು ನಿಂತಿದ್ದೆ," ಅಂದಳು. "ಫೋನಿಗೆ ಹಣಿ ಹಚ್ಚಿದ್ದೆ. ನೀ ನೋಡಾಕತ್ತಿದ್ದ್ಯಾ?"

"ನೋಡಾಕತ್ತಿದ್ದೆ ಆಯಿ."

"ನಕ್ಕಿ?"

ಇಲ್ಲ ಅನ್ನಬಹುದಿತ್ತು. ಕಿಂಡಿಯ ಹಿಂದೆ ನನ್ನ ಬಿಟ್ಟು ಯಾರೂ ಇರಲಿಲ್ಲ, ನೋಡಿದವರಿಲ್ಲ. 'ಇಲ್ಲ ಆಯಿ, ಅತ್ತಿದ್ದೆ' ಅಂದಿದ್ದರೂ ನಂಬುತ್ತಿದ್ದಳೇನೋ — ಅಳುವ ದನಿ ನನಗೆ ಚೆನ್ನಾಗಿ ಬರುತ್ತದೆ.

"ನಕ್ಕೆ," ಅಂದೆ.

ಅಯ್ಯನೋರು ಗಂಟಲು ಸರಿಮಾಡಿಕೊಂಡು, "ಗಂಗಾಬಾಯಿ, ಈಗ ಖರೇ ಖರೇ ನಾನ ಹೇಳತೀನಿ ತಗೋ, ಹರಕಿ —" ಎಂದು ಶುರು ಮಾಡಿದರು. ಆಯಿ ಕೈ ಅಡ್ಡ ಹಿಡಿದಳು. ಅವಳು ಅಯ್ಯನೋರ ಮಾತನ್ನು ತಡೆದದ್ದನ್ನು ನಮ್ಮ ಮನೆಯಲ್ಲಿ ಯಾರೂ ಎಂದೂ ಕಂಡಿಲ್ಲ.

"ಬ್ಯಾಡ್ರಿ. ಇದರ ಕೂಡ ನಾಕ್ ಬ್ಯಾಸಗಿ ಆತು ತಿನ್ನಾಕತ್ತು. ಇವನ ಬಾಯಿ ಒಂದ್ ದಿನಾನರ ಬಂದ್ ಆಗ್ಯದೇನ್ರಿ? ದೇವರು ಎಂದೋ ಸಾಕು ಅಂದಾನ. ನಡುವ ಯಾರ ದನಿನೂ ಬ್ಯಾಡ ನನಗ."

ಲೋಟದಲ್ಲಿ ಉಳಿದದ್ದು ಪೂರ್ತಿ ಕರಗಿತ್ತು. ಅದನ್ನು ಎತ್ತಿ ಒಂದೇ ಗುಟುಕಿಗೆ ಕುಡಿದಳು. ಯಾರ ಅಪ್ಪಣೆಯೂ ಇಲ್ಲದೆ, ತನ್ನ ತೀರ್ಪಿನ ಮೇಲೆ ತಾನೇ ಕುಡಿದಳು. ಲೋಟವನ್ನು ಠಣ್ಣೆಂದು ಕೆಳಗಿಟ್ಟಳು. ಓಂಕಾರ "ಆಯೀ!" ಎಂದು ಕೂಗಿದ, ಗೆದ್ದವರಿಗೆ ಕೂಗುವ ಹಾಗೆ. ಅವಳು ಸೆರಗಿನಿಂದ ತುಟಿ ಒರೆಸಿಕೊಂಡು ನನ್ನ ಕಡೆ ನೋಡಿದಳು.

"ಹರಕೀದು ದೇವರು ನೋಡ್ಕೊಂಡ. ನೀ ನಕ್ಕದ್ದು ನಾ ಮರಿಯಂಗಿಲ್ಲ."

ಅಷ್ಟೇ. ಬೈಯಲಿಲ್ಲ. ಸಂಜೆ ಊಟಕ್ಕೆ ಎಂದಿನಂತೆ ನನ್ನ ತಾಟಿಗೆ ಮೊದಲ ಭಕ್ರಿ ಹಾಕಿದಳು. ಅಯ್ಯನೋರ ಮಗ ಕೊನೆಯ ಪೂಜೆಯ ಮಾತು ಮತ್ತೆ ಎತ್ತಲಿಲ್ಲ. ಆ ದಿನ ನಮ್ಮ ಪಡಸಾಲೆಯಲ್ಲಿ ಅಯ್ಯನೋರು ಗೆದ್ದರು, ಆಯಿ ಗೆದ್ದಳು, ಚಟ್ನಿ ಐಸ್‌ಕ್ರೀಮು ಕೂಡ ಗೆದ್ದಿತು — ಅಯ್ಯನೋರು ಎರಡನೆಯ ಸಲ ಹಾಕಿಸಿಕೊಂಡರು. ಅದೆಲ್ಲ ನೆನೆದರೆ ಈಗಲೂ ಕುಣಿಯುವ ಹಾಗಾಗುತ್ತದೆ. ಅದರಲ್ಲಿ ಒಂದೂ ನನ್ನ ಗೆಲುವಲ್ಲ ಎಂಬುದೂ ಗೊತ್ತು. ನಾನು ಹೇಳಿದ್ದು ಮೂರು ವರ್ಷ ತಡವಾಗಿ. ಅದೂ ಒಬ್ಬ ಮುದುಕರ ಮುಖ ಬಾಡಿದ್ದನ್ನು ಕಣ್ಣಾರೆ ಕಂಡ ಮೇಲೆ.

ಅಯ್ಯನೋರಿಗೆ ಹುರುಪು ಬಂದುಬಿಟ್ಟಿದೆ. ಈಗ ವಾರಕ್ಕೊಮ್ಮೆ ಆಯಿಗೆ ತಾವೇ ಫೋನು ಮಾಡುತ್ತಾರೆ. ಮೊದಲ ಸಲ ಬಂದಾಗ ನಾನು ಮೇಲಿನ ಕೋಣೆಯಲ್ಲಿದ್ದೆ. ಫೋನು ರಿಂಗಾಗುತ್ತಲೇ ಇತ್ತು. ಆಯಿ ಅದನ್ನು ಕೈಯಲ್ಲಿ ಹಿಡಿದುಕೊಂಡು, ಎತ್ತದೆ, ಕೂಗಿದಳು: "ಸಿದ್ದ್ಯಾ, ಎಲ್ಲಿದ್ದಿ? ಕೆಳಗ ಬಾ. ನನ್ನ ಮುಂದ ಬಂದು ಕುಂದ್ರು."

ಮಿಮಿಕ್ರಿಗೆ ಕರೆಯುವವರು ಅಯ್ಯನೋರ ದನಿ ಕೇಳಿದರೆ ಬರುವುದಿಲ್ಲ ಅನ್ನುತ್ತೇನೆ. ಅಯ್ಯನೋರೇ ಕೇಳಿದರೂ ಅದನ್ನೇ ಅನ್ನುತ್ತೇನೆ. ಫೋನು ರಿಂಗಾದರೆ ಆಯಿ ಕೂಗುವವರೆಗೆ ಕಾಯುವುದಿಲ್ಲ. ಹೋಗಿ ಅವಳ ಎದುರು ಕೂರುತ್ತೇನೆ, ಬಾಗಿಲ ಬೆಳಕಿಗೆ ಮುಖ ಮಾಡಿ, ನನ್ನ ತುಟಿ ಅವಳಿಗೆ ಸರಿಯಾಗಿ ಕಾಣುವ ಹಾಗೆ, ಬಾಯಿ ಮುಚ್ಚಿಕೊಂಡು.